ಬ್ರಿಟನ್ನಿನ ಸುರಕ್ಷತಾ ಜಾಹೀರಾತು ನೋಡಿ ಬೇರೆ ದೇಶದವರು ಯಾಕೆ ಬೆಚ್ಚಿಬೀಳುತ್ತಾರೆ?

ಓದುಗರ ಪ್ರಶ್ನೆ: ಬ್ರಿಟನ್ನಿನ ರಸ್ತೆ ಸುರಕ್ಷತೆಯ ಹಳೆಯ ಜಾಹೀರಾತೊಂದನ್ನು ಯೂಟ್ಯೂಬ್‌ನಲ್ಲಿ ನೋಡಿದೆ. ರಾತ್ರಿಯೆಲ್ಲಾ ನಿದ್ದೆ ಬರಲಿಲ್ಲ. ಲಂಡನ್ನಿನಲ್ಲಿರುವ ಅಣ್ಣನಿಗೆ ಹೇಳಿದರೆ, "ಇಲ್ಲಿ ಇದೆಲ್ಲ ಮಾಮೂಲು" ಅಂದ. ಅವರಿಗೆ ಮಾಮೂಲಾದದ್ದು ನಮಗೆ, ಅಮೆರಿಕದವರಿಗೆ ಯಾಕೆ ಇಷ್ಟು ಆಘಾತ? ಹೀಗೆ ಹೆದರಿಸಿದರೆ ಜನ ನಿಜಕ್ಕೂ ಬದಲಾಗುತ್ತಾರಾ?

ಉತ್ತರ: ಈ ಪ್ರಶ್ನೆ ಕೇಳುವವರು ಬಹಳ ಜನ. ಕೆಲವರು ಉತ್ತರವನ್ನೂ ತಾವೇ ಸೇರಿಸುತ್ತಾರೆ, ಬ್ರಿಟಿಷರದು ಕಲ್ಲುಮನಸ್ಸು ಅಂತ. ನಾನು ಒಪ್ಪುವುದಿಲ್ಲ.

ಯಾವ ಜಾಹೀರಾತು ಅಂತ ನೀವು ಬರೆದಿಲ್ಲ. 1998ರ 'ಜೂಲಿ' ಇರಬೇಕು ಅಂತ ನನ್ನ ಊಹೆ. ಒಬ್ಬ ತಾಯಿ ಕಾರು ಓಡಿಸುತ್ತಿದ್ದಾಳೆ. ಅವಳ ಹಿಂದಿನ ಸೀಟಿನಲ್ಲಿ ಮಗ. ಬೆಲ್ಟ್ ಹಾಕಿಲ್ಲ. ಕಾರು ಡಿಕ್ಕಿ ಹೊಡೆದ ಏಟಿಗೆ ಅವನು ಮುಂದಕ್ಕೆ ಹಾರಿ ತಾಯಿಯ ಸೀಟಿಗೆ ಅಪ್ಪಳಿಸುತ್ತಾನೆ, ಮತ್ತೆ ಹಿಂದಕ್ಕೆ ಬಂದು ಕೂರುತ್ತಾನೆ. ಅಷ್ಟರಲ್ಲಿ ತಾಯಿಯ ಪ್ರಾಣ ಹೋಗಿರುತ್ತದೆ. ಜೂಲಿಗೆ ತನ್ನನ್ನು ಕೊಂದವನು ಯಾರು ಅಂತ ಗೊತ್ತಿತ್ತು, ಅವನು ಅವಳ ಮಗನೇ ಅಂತ ಹಿನ್ನೆಲೆಯ ದನಿ ಹೇಳುತ್ತದೆ. ಅಳು ಇಲ್ಲ, ಬೈಗುಳ ಇಲ್ಲ. ವಾರ್ತೆ ಓದಿದ ಹಾಗೆ ಹೇಳಿ ಮುಗಿಸುತ್ತದೆ. ನನಗೆ ಜಾಸ್ತಿ ಚುಚ್ಚಿದ್ದು ಡಿಕ್ಕಿಯಲ್ಲ, ಆ ತಣ್ಣನೆಯ ದನಿ.

ಇದು ಅಲ್ಲಿ ಮಾಮೂಲಾಗಲು ಹಳೆಯ ಕಾರಣ ಇದೆ. ಜನರಿಗೆ ಹೇಳಬೇಕಾದ ವಿಷಯಗಳನ್ನು ಪುಟ್ಟ ಪುಟ್ಟ ಚಿತ್ರಗಳಾಗಿ ಮಾಡಿಸಲು ಅಲ್ಲಿನ ಸರ್ಕಾರ 1946ರಲ್ಲಿ ಸೆಂಟ್ರಲ್ ಆಫೀಸ್ ಆಫ್ ಇನ್‌ಫರ್ಮೇಶನ್ ಅನ್ನುವ ಕಚೇರಿ ತೆರೆಯಿತು. 2012ರವರೆಗೂ ಅದು ನಡೆಯಿತು. ಟಿವಿಯವರು ಕಾರ್ಯಕ್ರಮಗಳ ನಡುವೆ ಸಮಯ ಉಳಿದಾಗ ಆ ಚಿತ್ರಗಳನ್ನು ದುಡ್ಡಿಲ್ಲದೆ ಹಾಕುತ್ತಿದ್ದರು. 1973ರಲ್ಲಿ ಬಂದ ಒಂದು ಚಿತ್ರ ಕೆರೆ, ಹೊಂಡದ ಹತ್ತಿರ ಆಡುವ ಮಕ್ಕಳಿಗಾಗಿ ಮಾಡಿದ್ದು. ಬರೀ 90 ಸೆಕೆಂಡು. ಮಂಜು ಕವಿದ ನೀರು. ಅಲ್ಲಿ ಕಪ್ಪು ನಿಲುವಂಗಿ ತೊಟ್ಟ, ಮುಖ ಕಾಣದ ಆಕೃತಿ. ಯಾವ ಹುಡುಗ ಜಾರಿ ಬೀಳುತ್ತಾನೋ ಅಂತ ಅದು ಕಾಯುತ್ತಿರುತ್ತದೆ. ದನಿ ನಟ ಡೊನಾಲ್ಡ್ ಪ್ಲೆಸೆನ್ಸ್ ಅವರದು. ಕೊನೆಯಲ್ಲಿ ಮಕ್ಕಳು ನಿಲುವಂಗಿಯನ್ನು ನೀರಿಗೆ ಎಸೆದರೂ "ಮತ್ತೆ ಬರ್ತೀನಿ" ಅನ್ನುವ ಮಾತು ಮಾತ್ರ ಗಾಳಿಯಲ್ಲಿ ಉಳಿಯುತ್ತದೆ. 1977ರ 'ಅಪಾಚೀಸ್' ಇನ್ನೂ ಕಠೋರ. ಹೊಲದಲ್ಲಿ ಆಡುವ ಮಕ್ಕಳು ಒಬ್ಬೊಬ್ಬರಾಗಿ ಸಾಯುತ್ತಾರೆ: ಒಬ್ಬರು ಟ್ರ್ಯಾಕ್ಟರಿನಡಿ, ಒಬ್ಬರು ಸಗಣಿ ಗುಂಡಿಯಲ್ಲಿ, ಒಬ್ಬರು ವಿಷ ಕುಡಿದು. ಇದನ್ನು ಶಾಲೆಗಳಲ್ಲೇ ಮಕ್ಕಳಿಗೆ ತೋರಿಸುತ್ತಿದ್ದರು.

ಬಾವಿ ಹತ್ತಿರ ಹೋಗಬೇಡ, ಗುಮ್ಮ ಹಿಡ್ಕೊಳ್ತಾನೆ ಅಂತ ನಮ್ಮ ಅಜ್ಜಿ ಹೇಳುತ್ತಿದ್ದರಲ್ವಾ, ಅಲ್ಲಿ ಆ ಗುಮ್ಮನನ್ನು ಸರ್ಕಾರವೇ ಟಿವಿಯಲ್ಲಿ ತೋರಿಸಿತು. ಅವತ್ತು ಹೆದರಿದ ಮಕ್ಕಳು ಈಗ ಐವತ್ತು ದಾಟಿದ್ದಾರೆ. ಆ ಚಿತ್ರಗಳನ್ನು ಹಳೆಯ ಹಾಡು ನೆನೆದ ಹಾಗೆ ಪ್ರೀತಿಯಿಂದ ನೆನೆಯುತ್ತಾರೆ.

ಅಮೆರಿಕದ ದಾರಿ ಬೇರೆ. ಅಲ್ಲಿ ಇಂಥ ಜಾಹೀರಾತುಗಳಲ್ಲಿ ಬಹಳಷ್ಟನ್ನು ಮಾಡಿಸುವುದು 1942ರಲ್ಲಿ ಶುರುವಾದ ಆಡ್ ಕೌನ್ಸಿಲ್ ಅನ್ನುವ ಸಂಸ್ಥೆ. ಅದು ಟಿವಿ ಸಮಯವನ್ನು ದಾನವಾಗಿ ಪಡೆಯುತ್ತದೆ. ಯಾವುದನ್ನು, ಯಾವಾಗ ಹಾಕಬೇಕು ಅಂತ ತೀರ್ಮಾನಿಸುವುದು ಟಿವಿ ಸ್ಟೇಷನ್ನಿನವರು. ಸೋಪು, ಬಿಸ್ಕತ್ತಿನ ಜಾಹೀರಾತುಗಳ ನಡುವೆ ಹೆಣ ತೋರಿಸಿ ದುಡ್ಡು ಕೊಡುವ ಕಂಪನಿಗಳನ್ನು ಮುನಿಸಿಕೊಳ್ಳುವಂತೆ ಮಾಡಲು ಯಾರು ಮುಂದೆ ಬರುತ್ತಾರೆ? ಹಾಗಾಗಿ ಕಾಡ್ಗಿಚ್ಚಿನ ಬಗ್ಗೆ ಹೇಳಲು 1944ರಲ್ಲಿ ಟೋಪಿ ಹಾಕಿದ ಕರಡಿ ಬಂತು. ಸೀಟ್ ಬೆಲ್ಟ್ ಬಗ್ಗೆ ಹೇಳಲು 1985ರಲ್ಲಿ ಮಾತಾಡುವ ಎರಡು ಬೊಂಬೆಗಳು ಬಂದವು. ಅವುಗಳನ್ನು ನೋಡಿ ಬೆಳೆದವರಿಗೆ 'ಜೂಲಿ' ಎದುರಾದರೆ ಹೇಗಿರಬೇಡ!

2009ರಲ್ಲಿ ಅದೇ ಆಯಿತು. ವೇಲ್ಸ್‌ನ ಗ್ವೆಂಟ್ ಪೊಲೀಸರು ಶಾಲೆಗಳಿಗಾಗಿ ಕಮ್ಮಿ ಖರ್ಚಿನಲ್ಲಿ ಒಂದು ಚಿತ್ರ ಮಾಡಿಸಿದ್ದರು. ಮೆಸೇಜ್ ಮಾಡುತ್ತಾ ಕಾರು ಓಡಿಸುವ ಹುಡುಗಿ, ಜೊತೆಗೆ ಇಬ್ಬರು ಗೆಳತಿಯರು. ಡಿಕ್ಕಿಯಾದ ಇನ್ನೊಂದು ಕಾರಿನಲ್ಲಿ ಪುಟ್ಟ ಮಗುವೊಂದು ಅಪ್ಪ ಅಮ್ಮ ಏಳಬೇಕು ಅಂತ ಕೇಳುತ್ತದೆ. ಚಿತ್ರದ ತುಣುಕು ಇಂಟರ್ನೆಟ್‌ಗೆ ಬಂದದ್ದೇ ತಡ, ಅಮೆರಿಕದ ಟಿವಿಯಲ್ಲಿ ಚರ್ಚೆ ಶುರು: ಇದನ್ನು ನಮ್ಮಲ್ಲಿ ತೋರಿಸಬಹುದಾ?

ಹಾಗಂತ ಬ್ರಿಟಿಷರು ಎಲ್ಲವನ್ನೂ ಸುಮ್ನೆ ನುಂಗಿಕೊಳ್ಳುತ್ತಾರೆ ಅಂದುಕೊಳ್ಳಬೇಡಿ. ಸಿಗರೇಟು ಸೇದುವವರ ಬಾಯಿಗೆ ಮೀನಿನ ಗಾಳ ಚುಚ್ಚಿ ಎಳೆಯುವ ಸರ್ಕಾರಿ ಜಾಹೀರಾತಿನ ಮೇಲೆ 2007ರಲ್ಲಿ 700ಕ್ಕೂ ಜಾಸ್ತಿ ದೂರು ಬಂದವು. ಮಕ್ಕಳು ಹೆದರುತ್ತಾರೆ ಅನ್ನುವ ದೂರನ್ನು ಜಾಹೀರಾತು ನಿಯಂತ್ರಣ ಸಂಸ್ಥೆ ಎತ್ತಿಹಿಡಿಯಿತು. ತೀರಾ ಕ್ರೂರವಾದ ದೃಶ್ಯಗಳನ್ನು ರಾತ್ರಿ ಒಂಬತ್ತರ ನಂತರ ತೋರಿಸಬೇಕು ಅನ್ನುವ ಕಟ್ಟಳೆಯೂ ಇದೆ. ಯೂಟ್ಯೂಬ್‌ಗೆ ಆ ಒಂಬತ್ತು ಗಂಟೆ ಇಲ್ಲ. ಅಡುಗೆ ವಿಡಿಯೋ ಮುಗಿದ ಮೇಲೆ ತಾನಾಗಿ 'ಜೂಲಿ' ಬಂದುಬಿಡಬಹುದು. ನಿಮ್ಮ ಆಘಾತದಲ್ಲಿ ಅರ್ಧ ಪಾಲು ಇದರದು.

ಹೆದರಿಸುವ ಜಾಹೀರಾತು ನಮಗೇನು ಹೊಸದಲ್ಲ. ಸಿಗರೇಟು ಸೇದುವವರ ಶ್ವಾಸಕೋಶದ ಬಗ್ಗೆ ಹೇಳಲು ಸ್ಪಂಜು ಹಿಂಡಿ ಕಪ್ಪು ಟಾರು ತೋರಿಸುತ್ತಿದ್ದರಲ್ಲ, ಅದರ ಮೂಲ 1979ರ ಆಸ್ಟ್ರೇಲಿಯಾದ ಜಾಹೀರಾತು. 2012ರ ಅಕ್ಟೋಬರ್‌ನಿಂದ ನಮ್ಮ ಥಿಯೇಟರುಗಳಲ್ಲಿ ಸಿನಿಮಾದ ಶುರುವಿಗೆ, ಮಧ್ಯದಲ್ಲಿ ಇಂಥವು ಕಡ್ಡಾಯ. ಮೊದಲ ಸಲ ನೋಡಿದವರು ಮುಖ ತಿರುಗಿಸಿದರು. ಈಗ ಇಂಥವು ಬಂದಾಗ ಜನ ಮೊಬೈಲ್ ನೋಡುತ್ತಾರೆ.

ಹೆದರಿಸಿದರೆ ಬದಲಾಗುತ್ತಾರಾ ಅನ್ನುವುದನ್ನು ಬಹಳ ಹಿಂದಿನಿಂದ ಪರೀಕ್ಷಿಸುತ್ತಿದ್ದಾರೆ. 1953ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜಾನಿಸ್ ಮತ್ತು ಫೆಶ್‌ಬಾಕ್ ಹೈಸ್ಕೂಲು ಮಕ್ಕಳಿಗೆ ಹಲ್ಲುಜ್ಜುವ ಬಗ್ಗೆ ಪಾಠ ಮಾಡಿಸಿದರು. ಹುಳುಕು ಹಲ್ಲಿನ ಭೀಕರ ಚಿತ್ರ ನೋಡಿದವರಿಗಿಂತ, ಕಮ್ಮಿ ಹೆದರಿಸಿದ ಗುಂಪೇ ಹೇಳಿದ್ದನ್ನು ಜಾಸ್ತಿ ಪಾಲಿಸಿತು. 1992ರಲ್ಲಿ ಸಂವಹನ ಸಂಶೋಧಕಿ ಕಿಮ್ ವಿಟ್ಟೆ ಇದಕ್ಕೆ ಒಂದು ವಿವರಣೆ ಕೊಟ್ಟರು. ಭಯದ ಜೊತೆಗೆ "ಇದನ್ನು ನಾನು ಮಾಡಬಲ್ಲೆ, ಮಾಡಿದರೆ ಪ್ರಯೋಜನ ಇದೆ" ಅನ್ನುವ ನಂಬಿಕೆ ಇದ್ದರೆ ಜನ ಅಪಾಯದ ಕಡೆ ಗಮನ ಕೊಡುತ್ತಾರೆ. ಇಲ್ಲದಿದ್ದರೆ ತಮ್ಮ ಭಯವನ್ನು ಶಮನ ಮಾಡಿಕೊಳ್ಳುತ್ತಾರೆ, ಅಂದರೆ ಕಣ್ಣು ಮುಚ್ಚಿಕೊಳ್ಳುತ್ತಾರೆ. ಥಿಯೇಟರಿನ ಮೊಬೈಲು ಇದೇ. 'ಜೂಲಿ' ನೋಡಿದವರಿಗಾದರೆ ಕೈ ಚಾಚಿದರೆ ಬೆಲ್ಟ್ ಸಿಗುತ್ತದೆ. ಅದಕ್ಕೂ ಏಳು ವರ್ಷ ಮೊದಲೇ, 1991ರಲ್ಲಿ, ದೊಡ್ಡವರಿಗೂ ಹಿಂದಿನ ಸೀಟಿನ ಬೆಲ್ಟ್ ಅಲ್ಲಿ ಕಡ್ಡಾಯವಾಗಿತ್ತು. ಕಾನೂನು ಇಲ್ಲದೆ ಬರೀ ಜಾಹೀರಾತಿನಿಂದ ಎಲ್ಲಾ ಸರಿಹೋಯಿತು ಅಂತ ನಾನು ಹೇಳಲಾರೆ.

ಮನೆಯಲ್ಲಿ ಮಕ್ಕಳಿಗೆ ತೋರಿಸುವುದಾದರೆ, ಇಂಗ್ಲೆಂಡಿನ ಸಸೆಕ್ಸ್‌ನಿಂದ 2010ರಲ್ಲಿ ಬಂದ 'ಎಂಬ್ರೇಸ್ ಲೈಫ್' ತೋರಿಸಿ. ಅಪ್ಪ ನಡುಮನೆಯ ಕುರ್ಚಿಯಲ್ಲಿ ಕೂತು ಕಾರು ಓಡಿಸುವ ಆಟ ಆಡುತ್ತಾನೆ. ಡಿಕ್ಕಿಯ ಗಳಿಗೆಯಲ್ಲಿ ಮಗಳು ಓಡಿಬಂದು ಅವನ ಸೊಂಟ ಹಿಡಿಯುತ್ತಾಳೆ. ಹೆಂಡತಿ ಹಿಂದಿನಿಂದ ಎದೆಯ ಅಡ್ಡಕ್ಕೆ ತಬ್ಬುತ್ತಾಳೆ. ಅವರ ಕೈಗಳೇ ಬೆಲ್ಟ್. ರಕ್ತ ಇಲ್ಲ, ಒಂದು ಮಾತೂ ಇಲ್ಲ. ಇದು ಹಲವು ದೇಶಗಳಲ್ಲಿ ಹರಡಿತು, ಯಾರೂ ಮುಖ ತಿರುಗಿಸಲಿಲ್ಲ. ನಾನು ಎಷ್ಟು ಸಲ ನೋಡಿದರೂ ಆ ಮಗುವಿನ ಕೈ ಬಿಗಿಯುವಾಗ ಗಂಟಲು ಕಟ್ಟುತ್ತದೆ.

'ಜೂಲಿ' ನೋಡಿದ ಮಾರನೇ ದಿನ ನಾನು ನಮ್ಮ ಕಾರಿನ ಹಿಂದಿನ ಸೀಟಿಗೆ ಹೋಗಿ ಕೂತೆ. ಬೆಲ್ಟ್ ಎಳೆದರೆ ಬಂತು, ಸಿಕ್ಕಿಸಲು ಬಕಲ್ ಕಾಣಲಿಲ್ಲ. ಸೀಟ್ ಕವರ್ ಹಾಕಿದವರು ಮೂರೂ ಬಕಲ್‌ಗಳನ್ನು ಕೆಳಗೆ ಸೇರಿಸಿಬಿಟ್ಟಿದ್ದರು. ಅಷ್ಟು ವರ್ಷ ಅಮ್ಮ ಅದರ ಮೇಲೆಯೇ ಕೂತು ಊರಿಗೆ ಹೋಗಿ ಬಂದಿದ್ದರು. ಬ್ಲೇಡಿನಿಂದ ಕವರ್ ಕೊಯ್ದು ಒಂದೊಂದಾಗಿ ಹೊರಗೆ ತೆಗೆದೆ. ನಿಮ್ಮ ಕಾರಿಗೂ ಕವರ್ ಇದ್ದರೆ ಇವತ್ತೇ ಕೈ ಹಾಕಿ ನೋಡಿ.