ಕನ್ವೀನಿಯನ್ಸ್ ವ್ಯಾಲ್ಯುಯೇಶನ್: ಬೇಕಾದ ಬೆಲೆಗೆ ಬರೆದ ರಿಪೋರ್ಟು

ಮನೆ ಸಾಲಕ್ಕೆ ಅರ್ಜಿ ಹಾಕಿದರೆ ಒಬ್ಬ ಎಂಜಿನಿಯರ್ ಬಂದು ಪ್ಲಾಟ್ ಅಳೆದು, ಫೋಟೋ ತೆಗೆದುಕೊಂಡು ಹೋಗುತ್ತಾರಲ್ಲ, ಅವರೇ ವ್ಯಾಲ್ಯೂಯರ್. ಆಸ್ತಿಯ ಬೆಲೆ ಎಷ್ಟು ಅಂತ ಅವರು ಬ್ಯಾಂಕಿಗೆ ಬರೆದುಕೊಡುತ್ತಾರೆ. ನೋಡಿ, ವಿಚಾರಿಸಿ ಬೆಲೆ ಕಟ್ಟುವ ಬದಲು, ಬೆಲೆಯನ್ನು ಮೊದಲೇ ನಿಗದಿ ಮಾಡಿಕೊಂಡು ಅದಕ್ಕೆ ಹೊಂದುವ ಹಾಗೆ ರಿಪೋರ್ಟ್ ಬರೆದರೆ ಅದು ಕನ್ವೀನಿಯನ್ಸ್ ವ್ಯಾಲ್ಯುಯೇಶನ್.

ಗಂಗಾವತಿಯಲ್ಲಾಗಲಿ ಸಿಂಧನೂರಿನಲ್ಲಾಗಲಿ ಇದು ಸಾಮಾನ್ಯವಾಗಿ ಒಂದು ಫೋನಿನಿಂದ ಶುರುವಾಗುತ್ತದೆ. ಸಾಲ ಮಾಡಿಸಿಕೊಡುವ ಏಜೆಂಟ್ ಹೇಳುತ್ತಾನೆ: "ಸರ್, ಪಾರ್ಟಿ ನಮ್ಮವ್ರೇ ಅದಾರ್ರಿ. ಐವತ್ತು ಕುಂದ್ರಿಸಿದ್ರ ಸಾಕ್ರಿ." ಲಂಚದ ಮಾತಿಲ್ಲ, ಬೆದರಿಕೆಯೂ ಇಲ್ಲ. ಆದರೆ 'ಆಗಲ್ಲ' ಅಂದರೆ ಮುಂದಿನ ಕೇಸು ಬೇರೆಯವರ ಕೈಗೆ ಹೋಗುತ್ತದೆ ಅನ್ನುವುದು ಇಬ್ಬರಿಗೂ ಗೊತ್ತು.

ಐವತ್ತು ಲಕ್ಷವೇ ಯಾಕೆ? ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ, 30 ಲಕ್ಷ ದಾಟಿ 75 ಲಕ್ಷದವರೆಗಿನ ಮನೆ ಸಾಲ ಆಸ್ತಿ ಬೆಲೆಯ 80 ಪರ್ಸೆಂಟ್ ಮೀರುವಂತಿಲ್ಲ. ಮನೆಯ ನಿಜವಾದ ಬೆಲೆ 40 ಲಕ್ಷ ಅಂದುಕೊಳ್ಳಿ. ಸಾಲ 32 ಲಕ್ಷ ಸಿಗಬೇಕು, ಉಳಿದ 8 ಲಕ್ಷ ಕೊಳ್ಳುವವರು ಕೈಯಿಂದ ಹಾಕಬೇಕು. ಕರಾರು ಪತ್ರದಲ್ಲೂ ರಿಪೋರ್ಟಿನಲ್ಲೂ 50 ಲಕ್ಷ ಅಂತ ಬಂದರೆ? 80 ಪರ್ಸೆಂಟ್ ಅಂದರೆ ಸರಿಯಾಗಿ 40 ಲಕ್ಷ. ಕೈಯಿಂದ ಒಂದು ಪೈಸೆಯೂ ಹಾಕಬೇಕಿಲ್ಲ. ಮಾರಿದವರು, ಕೊಂಡವರು, ಏಜೆಂಟ್ ಎಲ್ಲರಿಗೂ ಖುಷಿ.

ಖುಷಿ ಎಲ್ಲಿಯವರೆಗೆ ಅಂದರೆ, ಕಂತು ನಿಲ್ಲುವವರೆಗೆ. 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಮನೆಯನ್ನು ಹರಾಜಿಗೆ ಇಡುವಾಗ ಮತ್ತೆ ವ್ಯಾಲ್ಯುಯೇಶನ್ ಆಗುತ್ತದೆ. ಆಗ ಐವತ್ತರ ಮಾತು ಯಾರೂ ಎತ್ತುವುದಿಲ್ಲ. ಹರಾಜಿನಲ್ಲಿ 34 ಲಕ್ಷ ಬಂತು ಅಂದರೆ ಮನೆಯೂ ಹೋಯಿತು, ಬಾಕಿ ಸಾಲ ಸಾಲಗಾರನ ತಲೆಯ ಮೇಲೇ ಉಳಿಯಿತು. ಸಹಾಯ ಅಂತ ಮಾಡಿದ್ದು ಹೀಗೆ ತಿರುಗುತ್ತದೆ.

ಈ ಹೆಸರು ಸುಮ್ನೆ ಬಾಯಿಮಾತಿನದಲ್ಲ. 2013ರ ಕಂಪನಿ ಕಾಯ್ದೆಯ 247ನೇ ಸೆಕ್ಷನ್ ನೋಂದಾಯಿತ ವ್ಯಾಲ್ಯೂಯರ್‌ಗಳ ಬಗ್ಗೆ ಇದೆ. ಅದರಡಿ 2017ರಲ್ಲಿ ಬಂದ ನಿಯಮಗಳ ನೀತಿ ಸಂಹಿತೆಯಲ್ಲಿ, ಗಿರಾಕಿಯ ಅಗತ್ಯಕ್ಕೆ ತಕ್ಕ 'ಕನ್ವೀನಿಯನ್ಸ್ ವ್ಯಾಲ್ಯುಯೇಶನ್' ಮಾಡಿಕೊಡಬಾರದು ಅಂತ ಇದೇ ಹೆಸರು ಹಿಡಿದು ಬರೆದಿದ್ದಾರೆ. ಕೆಲಸ ಗೆದ್ದರೆ ಇಷ್ಟು ಅನ್ನುವ 'ಸಕ್ಸಸ್ ಫೀ' ತೆಗೆದುಕೊಳ್ಳುವಂತಿಲ್ಲ. ತನಗೆ ಲಾಭ ಇರುವ ಆಸ್ತಿಗೆ ಬೆಲೆ ಕಟ್ಟುವಂತಿಲ್ಲ. ಈ ನಿಯಮಗಳು ಇರುವುದು ಕಂಪನಿ ಮತ್ತು ದಿವಾಳಿ ಪ್ರಕರಣಗಳ ಕೆಲಸಕ್ಕೆ. ಮನೆ ಸಾಲದ ಕೇಸುಗಳಲ್ಲಿ ಬ್ಯಾಂಕಿನ ಪ್ಯಾನೆಲ್ ಷರತ್ತು, ಅಂದರೆ ಬ್ಯಾಂಕು ತನ್ನ ಪಟ್ಟಿಯಲ್ಲಿರುವ ವ್ಯಾಲ್ಯೂಯರ್‌ಗಳಿಗೆ ಹಾಕುವ ಷರತ್ತು, ನಡೆಯುತ್ತದೆ. ಧರ್ಮ ಮಾತ್ರ ಎರಡೂ ಕಡೆ ಒಂದೇ.

ಇಲ್ಲೊಂದು ಗೊಂದಲ ಜಾಸ್ತಿ ಜನರಿಗಿದೆ. "ಫೀ ಕೊಟ್ಟವರು ನಾವು, ನಮ್ಮ ಮಾತು ಕೇಳಬೇಕಲ್ವಾ?" ಅಂತ. ಇಲ್ಲ. ಫೀ ಸಾಲಗಾರನ ಜೇಬಿನಿಂದ ಹೋದರೂ ರಿಪೋರ್ಟ್ ಬ್ಯಾಂಕಿಗಾಗಿ ಬರೆದದ್ದು.

ಹಾಗಂತ ಕಡಿಮೆ ಬರೆದವರೆಲ್ಲ ಪ್ರಾಮಾಣಿಕರೂ ಅಲ್ಲ. ಅಣ್ಣತಮ್ಮಂದಿರ ಪಾಲು ಆಗುವಾಗ, ಮನೆ ಇಟ್ಟುಕೊಂಡು ಉಳಿದವರಿಗೆ ದುಡ್ಡು ಕೊಡುವವನಿಗೆ ಅದೇ ಮನೆಗೆ ಕಡಿಮೆ ಬೆಲೆ ಬೇಕಾಗುತ್ತದೆ. ಬೆಲೆ ಇಳಿಸಿ ಬರೆದುಕೊಟ್ಟರೆ ಅದೂ ಇದೇ ತಪ್ಪು.

ನಿಯತ್ತಿನ ವ್ಯಾಲ್ಯೂಯರ್‌ಗೂ ಇದು ಸುಲಭದ ಕೆಲಸವಲ್ಲ. ಎಷ್ಟೋ ವ್ಯಾಪಾರಗಳಲ್ಲಿ ನೋಂದಣಿಯ ಮೊತ್ತವೇ ಬೇರೆ, ಕೈಬದಲಾಗುವ ದುಡ್ಡೇ ಬೇರೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರವನ್ನೇ ನಂಬಿದರೆ ಬೆಲೆ ತಪ್ಪಬಹುದು, ಓಣಿಯವರ ಮಾತನ್ನೇ ನಂಬಿದರೂ ತಪ್ಪಬಹುದು. ಕನ್ವೀನಿಯನ್ಸ್ ವ್ಯಾಲ್ಯುಯೇಶನ್ ಅಡಗಿಕೊಳ್ಳುವುದು ಇದೇ ಮಬ್ಬಿನಲ್ಲಿ.

ಹೊಲದ ಕೇಸಿನಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ, ಕಾರಟಗಿ ಕಡೆ, ಭತ್ತದ ಗದ್ದೆಗಳಿಗೆ ನೀರು ಬರುತ್ತದೆ. ಕೊನೆ ಭಾಗದ ಮಾನ್ವಿ, ರಾಯಚೂರು ಕಡೆ ರೈತರು ನೀರಿಗಾಗಿ ಮತ್ತೆ ಮತ್ತೆ ರಸ್ತೆಗೆ ಇಳಿಯುತ್ತಾರೆ. ಎರಡೂ ಹೊಲಗಳ ಪಹಣಿಯಲ್ಲಿ 'ಕಾಲುವೆ ನೀರಾವರಿ' ಅಂತಲೇ ಇರಬಹುದು. ಪಹಣಿ ನೋಡಿ ಬೆಲೆ ಬರೆದರೆ ಕಾಗದ ಸರಿ, ಬೆಲೆ ಸುಳ್ಳು. ತೂಬಿನ ತನಕ ನಡೆದು ಹೋಗಿ, "ಎರಡನೇ ಬೆಳಿಗೆ ನೀರು ಬಂದಿತ್ತೇನ್ರಿ?" ಅಂತ ಪಕ್ಕದ ಹೊಲದವರನ್ನು ಕೇಳಬೇಕು. ಆ ಉತ್ತರ ರಿಪೋರ್ಟಿನಲ್ಲಿ ಬರಬೇಕು.

ನಿಮ್ಮ ರಿಪೋರ್ಟಿನ ಪ್ರತಿ ಕೈಗೆ ಸಿಕ್ಕರೆ ಕೊನೆಯ ಮೊತ್ತಕ್ಕಿಂತ ಮುಂಚೆ ಒಳಗಿನ ಪುಟ ನೋಡಿ. ಜಾಗಕ್ಕೆ ಯಾವ ದಿನ ಬಂದಿದ್ದರು, ಸುತ್ತಮುತ್ತಲಿನ ಯಾವ ವ್ಯಾಪಾರಗಳಿಗೆ ಹೋಲಿಸಿದ್ದಾರೆ, ಈ ಆಸ್ತಿಯಲ್ಲಿ ತನಗೆ ಹಿತಾಸಕ್ತಿ ಇಲ್ಲ ಅಂತ ಸಹಿ ಮಾಡಿದ್ದಾರಾ ಅನ್ನುವುದು ಅಲ್ಲಿರಬೇಕು. ಹೋಲಿಕೆಯ ಜಾಗ ಖಾಲಿ ಇದ್ದು ಮೊತ್ತ ಮಾತ್ರ ದುಂಡಗೆ ಇದ್ದರೆ, ಈ ಬೆಲೆ ಎಲ್ಲಿಂದ ಬಂತು ಅಂತ ಬ್ಯಾಂಕಿನ ಮ್ಯಾನೇಜರ್‌ರನ್ನು ಬರವಣಿಗೆಯಲ್ಲೇ ಕೇಳಿ.