ಹಳೆಯ ಮದ್ದಿಗೆ ಮತ್ತೆ ಮಣಿಯುತ್ತಿರುವ ಟೈಫಾಯಿಡ್

ರೋಗಿಯ ರಕ್ತದಿಂದ ಬೆಳೆಸಿದ ಬ್ಯಾಕ್ಟೀರಿಯಾವನ್ನು ಅಗರ್ ತಟ್ಟೆಯ ಮೇಲೆ ತೆಳುವಾಗಿ ಸವರಿ, ಬೇರೆ ಬೇರೆ ಔಷಧ ಹೀರಿಸಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಅದರ ಮೇಲಿಟ್ಟು ಒಂದು ರಾತ್ರಿ ಬಿಟ್ಟರೆ, ಬೆಳಗಾಗುವಷ್ಟರಲ್ಲಿ ಯಾವ ಮದ್ದು ನಾಟುತ್ತದೆಂಬುದು ಕಣ್ಣಿಗೇ ಕಾಣುತ್ತದೆ. ನಾಟುವ ಮದ್ದಿನ ಸುತ್ತ ತಿಳಿಯಾದ ವೃತ್ತವಿರುತ್ತದೆ. ನಾಟದ ಮದ್ದಿನ ಅಂಚಿನವರೆಗೂ ಮಸುಕಾದ ಪೊರೆ ಹಬ್ಬಿರುತ್ತದೆ. ಭಾರತದಲ್ಲಿ ಇಂದು ಹೆಚ್ಚಿನ ಟೈಫಾಯಿಡ್ ರೋಗಾಣುಗಳು ಸಿಪ್ರೊಫ್ಲಾಕ್ಸಸಿನ್ ಬಳಗದ ಹಳೆಯ ಮದ್ದಾದ ನಾಲಿಡಿಕ್ಸಿಕ್ ಆಮ್ಲದ ಬಿಲ್ಲೆಗೆ ಒತ್ತಿಕೊಂಡೇ ಬೆಳೆಯುತ್ತವೆ. ಎಂದೋ ಮೂಲೆಗೆ ಸರಿದಿದ್ದ ಕ್ಲೋರಾಂಫೆನಿಕಾಲ್ ಬಿಲ್ಲೆಯ ಸುತ್ತಲೋ ಅಗಲವಾದ ತಿಳಿ ವೃತ್ತ ಮೂಡುತ್ತದೆ.

1948ರಲ್ಲಿ ಬಳಕೆಗೆ ಬಂದ ಕ್ಲೋರಾಂಫೆನಿಕಾಲ್ ಎರಡು ದಶಕಕ್ಕೂ ಹೆಚ್ಚು ಕಾಲ ಟೈಫಾಯಿಡ್‌ಗೆ ರಾಮಬಾಣವಾಗಿತ್ತು. 1972ರಲ್ಲಿ ಮೆಕ್ಸಿಕೊದಲ್ಲೂ ಕೇರಳದಲ್ಲೂ ಅದಕ್ಕೆ ಬಗ್ಗದ ಸೋಂಕು ಹರಡಿತು. 1980ರ ದಶಕದ ಕೊನೆಯ ಹೊತ್ತಿಗೆ ಆಂಪಿಸಿಲಿನ್ ಮತ್ತು ಕೋಟ್ರೈಮೊಕ್ಸಜೋಲ್ ಕೂಡ ಅದರ ಜೊತೆಯಲ್ಲೇ ಸೋತವು. ಮೂರನ್ನೂ ತಡೆಯುವ ವಂಶವಾಹಿಗಳು ಪ್ಲಾಸ್ಮಿಡ್ ಎಂಬ ಒಂದೇ ಡಿಎನ್‌ಎ ಉಂಗುರದಲ್ಲಿ ಸೇರಿಕೊಂಡು, ಬ್ಯಾಕ್ಟೀರಿಯಾದಿಂದ ಬ್ಯಾಕ್ಟೀರಿಯಾಕ್ಕೆ ಇಡಿಯಾಗಿ ದಾಟುತ್ತಿದ್ದುದೇ ಇದಕ್ಕೆ ಕಾರಣ.

ವೈದ್ಯರು ಆಗ ಸಿಪ್ರೊಫ್ಲಾಕ್ಸಸಿನ್‌ನತ್ತ ಹೊರಳಿದರು. ಹಳೆಯ ಮದ್ದುಗಳ ಬಳಕೆ ಇಳಿದಂತೆ ಪ್ಲಾಸ್ಮಿಡ್ ರೋಗಾಣುವಿಗೆ ಬರೀ ಹೊರೆಯಾಯಿತು; ಪ್ರತಿ ಬಾರಿ ಒಡೆದು ಎರಡಾಗುವಾಗಲೂ ಅದನ್ನು ನಕಲು ಮಾಡಿ ಸಾಕಬೇಕಾದ ತಳಿಗಳಿಗಿಂತ ಅದಿಲ್ಲದವು ಮುಂದಾದವು. ಸಿಪ್ರೊಫ್ಲಾಕ್ಸಸಿನ್‌ನ ಕಥೆ ಹಾಗಲ್ಲ. ಆ ಮದ್ದು ಹಿಡಿಯುವ ಗೈರೇಸ್ ಎಂಬ ಕಿಣ್ವದ 83ನೆಯ ಅಮೈನೋ ಆಮ್ಲ ಬದಲಾದರೆ ಸಾಕು, ಮದ್ದಿನ ಹಿಡಿತ ಸಡಿಲುತ್ತದೆ. ಮತ್ತು ಈ ಬದಲಾವಣೆಯಿಂದ ರೋಗಾಣುವಿಗೆ ಹೇಳಿಕೊಳ್ಳುವಂಥ ನಷ್ಟವಿಲ್ಲದ ಕಾರಣ ಮದ್ದು ನಿಲ್ಲಿಸಿದರೂ ಅದು ಸುಲಭವಾಗಿ ಅಳಿಯುವುದಿಲ್ಲ. ಮದ್ದಿಗೆ ಮಣಿಯದ ಈ ಗುಣ, ಅಂದರೆ ನಿರೋಧಕತೆ, ಹಿಂದೆ ಸರಿಯುತ್ತದೆಯೇ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲವೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ: ಅದು ರೋಗಾಣುವಿನ ಯಾವ ಜಾಗದಲ್ಲಿ ಕುಳಿತಿದೆ ಎಂಬುದನ್ನು ನೋಡಬೇಕು. ಕೆಲವು ತಳಿಗಳಲ್ಲಂತೂ ಪ್ಲಾಸ್ಮಿಡ್‌ನ ವಂಶವಾಹಿಗಳೇ ವರ್ಣತಂತುವಿನೊಳಗೆ ಸೇರಿಕೊಂಡಿವೆ. ಅಲ್ಲಿಂದ ಅವನ್ನು ಕಳಚುವುದು ಕಷ್ಟ.

ಹಾಗೆಂದು ಕ್ಲೋರಾಂಫೆನಿಕಾಲ್‌ಗೆ ಕಣ್ಣು ಮುಚ್ಚಿ ಮರಳುವಂತಿಲ್ಲ. ಅಪರೂಪಕ್ಕಾದರೂ ಅದು ಅಸ್ಥಿಮಜ್ಜೆಯನ್ನು ಕೆಡಿಸುತ್ತದೆ, ಬಳಕೆ ಏರಿದರೆ ಪ್ಲಾಸ್ಮಿಡ್ ಕೂಡ ಮರಳಬಹುದು. ಪಾಕಿಸ್ತಾನದ ಸಿಂಧ್‌ನಲ್ಲಿ 2016ರಿಂದ ಹಬ್ಬಿದ ತಳಿ ಆ ಮೂರು ಹಳೆಯ ಮದ್ದುಗಳ ಜೊತೆಗೆ ಸಿಪ್ರೊಫ್ಲಾಕ್ಸಸಿನ್ ಮತ್ತು ಚುಚ್ಚಿ ಕೊಡುವ ಸೆಫ್ಟ್ರಿಯಾಕ್ಸೋನ್‌ಗೂ ಬಗ್ಗಲಿಲ್ಲ. ನುಂಗುವ ಮದ್ದಾಗಿ ಉಳಿದದ್ದು ಅಜಿತ್ರೊಮೈಸಿನ್. ಅದನ್ನೂ ತಡೆಯುವ ರೂಪಾಂತರ ಬಾಂಗ್ಲಾದೇಶದಲ್ಲಿ ಕಂಡುಬಂದಿದೆ. ಟೈಫಾಯಿಡ್‌ನಂತೆಯೇ ಕಾಡುವ ಪ್ಯಾರಾಟೈಫಿ ಎ ರೋಗಾಣುವಿನ ಮೇಲೆ ಟೈಫಾಯಿಡ್ ರೋಗಾಣುವಿಗಿರುವ ವಿಐ ಎಂಬ ಸಕ್ಕರೆಯಂಥ ಹೊದಿಕೆ ಇಲ್ಲ. ಆ ಹೊದಿಕೆಯನ್ನೇ ಗುರಿಯಾಗಿಸಿದ ಇಂದಿನ ಟೈಫಾಯಿಡ್ ಕಾಂಜುಗೇಟ್ ಲಸಿಕೆ ಹೀಗಾಗಿ ಅದನ್ನು ತಡೆಯಲಾರದು.

ಯಾವ ಮದ್ದು ನಾಟುತ್ತದೆಂದು, ರಕ್ತದಲ್ಲಿ ಪ್ರತಿಕಾಯಗಳನ್ನು ಹುಡುಕುವ ವಿಡಾಲ್ ಪರೀಕ್ಷೆ ಹೇಳಲಾರದು. ಅದಕ್ಕೆ ರಕ್ತದ ಕಲ್ಚರ್, ಅಂದರೆ ರಕ್ತದಿಂದ ರೋಗಾಣುವನ್ನು ಬೆಳೆಸುವ ಪರೀಕ್ಷೆ, ಆಗಬೇಕು. ಆದರೆ ಕಲ್ಚರ್‌ನಲ್ಲೂ ರೋಗಾಣು ಸಿಗುವುದು ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಮಾತ್ರ, ಜ್ವರ ಬಂದ ದಿನವೇ ಕೈಗೆ ಸಿಕ್ಕ ಆಂಟಿಬಯಾಟಿಕ್ ನುಂಗಿದವರಲ್ಲಿ ಇನ್ನೂ ಕಡಿಮೆ.