ಸಿಂಪ್ಯೂಟರಿಗೆ ಜಾತಕ ಬರೆಯಬೇಡಿ

ಅಕ್ಕನ ಮಗನ ಶಾಲೆ ಪ್ರಾಜೆಕ್ಟಿಗೆಂದು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋಗಿದ್ದೆ. ಬೇಕಿದ್ದದ್ದು ಆಕ್ಸೆಲೆರೋಮೀಟರ್, ಅಂದರೆ ಅಲುಗಾಟ, ವಾಲಾಟ ಅಳೆಯುವ ಚಿಪ್ಪು. ಹೆಬ್ಬೆರಳ ಉಗುರಿನಷ್ಟು ಬೋರ್ಡು, ಇನ್ನೂರು ರೂಪಾಯಿ ಒಳಗೇ ಸಿಕ್ಕಿತು. ಮನೆಗೆ ಬಂದು ವೈರು ಜೋಡಿಸಿ ಮೇಜಿನ ಮೇಲಿಟ್ಟರೆ 9.8 ಅಂತ ತೋರಿಸಿತು.

"ಮಾಮ, ಇದು ಅಲ್ಲಾಡ್ತಾನೇ ಇಲ್ಲ. ಸೊನ್ನೆ ಬರಬೇಕಲ್ವಾ? ಕೆಟ್ಟೋಗಿದೆ, ವಾಪಸ್ ಕೊಡೋಣ."

ಕೆಟ್ಟಿರಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಆ ಬೋರ್ಡು ನೋಡಿ ನನಗೆ ನೆನಪಾದದ್ದು ನಮ್ಮ ಊರಿನದೇ ಒಂದು ಯಂತ್ರ.

ಟಾಟಾ ಇನ್‌ಸ್ಟಿಟ್ಯೂಟ್ ಅಂತ ಬೆಂಗಳೂರಿನವರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್ ಮತ್ತು ಜೊತೆಗಾರರು 1999ರಲ್ಲಿ ಒಂದು ಟ್ರಸ್ಟ್ ಕಟ್ಟಿದರು. ಓದು ಬರಹ ಬಾರದವರೂ ಬಳಸಬಹುದಾದ, ಅಂಗೈಯಲ್ಲಿ ಹಿಡಿಯುವ ಕಂಪ್ಯೂಟರ್ ಮಾಡುವುದು ಅವರ ಆಸೆ. ಅದೇ ಸಿಂಪ್ಯೂಟರ್. ಒಳಗೆ ಅದನ್ನು ನಡೆಸುವ ಪುಕ್ಕಟೆ ತಂತ್ರಾಂಶ ಲಿನಕ್ಸ್, ಅಕ್ಷರ ಓದಿ ಹೇಳುವ ದನಿ, ಪಕ್ಕದಲ್ಲಿ ಸ್ಮಾರ್ಟ್ ಕಾರ್ಡ್ ತೂರಿಸುವ ಸಂದು. ಊರಿಗೆಲ್ಲ ಒಂದೇ ಯಂತ್ರ, ಅವರವರ ಗುರುತಿಗೆ ಮನೆಗೊಂದು ಕಾರ್ಡ್. 2004ರಲ್ಲಿ ಸರ್ಕಾರಿ ಕಂಪನಿ ಬಿಇಎಲ್ ತಯಾರಿಸಿದ 'ಅಮಿಡಾ' ಮಾದರಿ ಸುಮಾರು ಹತ್ತು ಸಾವಿರ ರೂಪಾಯಿಯಿಂದ ಶುರುವಾಗುತ್ತಿತ್ತು. 50,000 ಮಾರುವ ಅಂದಾಜಿತ್ತು. 2005ರ ಹೊತ್ತಿಗೆ ಹೋದದ್ದು 4,000ದ ಆಸುಪಾಸು.

ಇದನ್ನು ಹೇಳಿದಾಗಲೆಲ್ಲ ಯಾರಾದರೊಬ್ಬರು ನಿಟ್ಟುಸಿರು ಬಿಡುತ್ತಾರೆ: "ಪಾಪ, ಕಾಲಕ್ಕೆ ಮೊದಲೇ ಹುಟ್ಟಿತು." ನನಗೆ ರೇಗುವುದೇ ಇಲ್ಲಿ. ಮಗು ಹುಟ್ಟಿದ ಗಳಿಗೆ ಸರಿಯಿಲ್ಲ ಅನ್ನುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಜಾತಕ ಬರೆದರೆ ಕಾರಣ ಹುಡುಕುವ ಕೆಲಸ ತಪ್ಪುತ್ತದೆ, ಅಷ್ಟೇ.

ಈ ಮಾತಿಗೆ ಎಲ್ಲರೂ ಕೊಡುವ ಸಾಕ್ಷಿ ಆಕ್ಸೆಲೆರೋಮೀಟರ್. ಹೌದು, ಅಮಿಡಾದಲ್ಲಿ ಅದಿತ್ತು. ಐಫೋನ್ ಬರುವುದಕ್ಕೆ ಮೂರು ವರ್ಷ ಮೊದಲೇ ಕೈ ಅಲುಗಿಸಿ ಪುಟ ತಿರುವಬಹುದಿತ್ತು.

ಆ ಚಿಪ್ಪಿನೊಳಗೆ ನಡೆಯುವುದೇನು ಗೊತ್ತಾ? ಬಿಎಂಟಿಸಿ ಬಸ್ಸಲ್ಲಿ ಸರಳು ಹಿಡಿದು ನಿಂತಿದ್ದೀರಿ. ಡ್ರೈವರ್ ಬ್ರೇಕ್ ಹಾಕಿದ, ನೀವು ಮುಂದಕ್ಕೆ ವಾಲಿದಿರಿ. ಕಿಟಕಿ ಮುಚ್ಚಿದ್ದರೂ ನಿಮ್ಮ ತೋಳಿನ ಎಳೆತದಿಂದಲೇ ಬಸ್ಸಿಗೇನಾಯಿತು ಅಂತ ತಿಳಿಯುತ್ತದೆ. ಚಿಪ್ಪಿನಲ್ಲಿ ನಿಂತ ಪ್ರಯಾಣಿಕ ಸಿಲಿಕಾನಿನ ಒಂದು ಚೂರು. ತೋಳು ಅಂದರೆ ಕೂದಲಿಗಿಂತ ತೆಳುವಾದ ಸ್ಪ್ರಿಂಗು. ಆ ಚೂರಿನ ಅಂಚಿಗೆ ಬಾಚಣಿಗೆಯಂಥ ಹಲ್ಲುಗಳಿವೆ, ಎದುರಿಗೆ ಕದಲದ ಇನ್ನೊಂದು ಬಾಚಣಿಗೆ. ಚೂರು ವಾಲಿದರೆ ಹಲ್ಲುಗಳ ನಡುವಿನ ಸಂದು ಬದಲಾಗುತ್ತದೆ, ಅದರ ಜೊತೆಗೆ ಅಲ್ಲಿ ಹಿಡಿಯುವ ವಿದ್ಯುತ್ತೂ ಬದಲಾಗುತ್ತದೆ. ಚಿಪ್ಪು ಅಳೆಯುವುದು ಅದನ್ನೇ.

ಅಂದರೆ ಅದಕ್ಕೆ ಗೊತ್ತಾಗುವುದು ಸ್ಪ್ರಿಂಗಿನ ಎಳೆತ ಮಾತ್ರ. ಮೇಜಿನ ಮೇಲೆ ಸುಮ್ನೆ ಇದ್ದಾಗಲೂ ಆ ಚೂರು ತಕ್ಕಡಿಗೆ ಹಾಕಿದ ಈರುಳ್ಳಿಯ ಹಾಗೆ ಕೆಳಕ್ಕೆ ಜಗ್ಗುತ್ತಲೇ ಇರುತ್ತದೆ. ಅದಕ್ಕೇ ಭೂಮಿಯ ಸೆಳೆತದ ಆ 9.8. ಸೊನ್ನೆ ಬೇಕಾ? ಬೋರ್ಡನ್ನು ಕೈಬಿಡಿ. ಬೀಳುವಾಗ ಸ್ಪ್ರಿಂಗೂ ಚೂರೂ ಒಟ್ಟಿಗೇ ಬೀಳುತ್ತವೆ, ಯಾರೂ ಯಾರನ್ನೂ ಜಗ್ಗುವುದಿಲ್ಲ. ಹಗ್ಗ ಕಡಿದು ಬಾವಿಗೆ ಬೀಳುವ ಕೊಡದಲ್ಲಿ ನೀರಿಗೆ ತೂಕವಿಲ್ಲದ ಹಾಗೆ. (ಹಾಸಿಗೆ ಮೇಲೆ ಬೀಳಿಸಿ ನೋಡಿದೆವು. ಅಕ್ಕ ಬೈದಳು.)

ಈ ಚಿಪ್ಪು ಸಿಂಪ್ಯೂಟರಿಗೆಂದು ಹುಟ್ಟಿದ್ದೂ ಅಲ್ಲ. 1990ರ ದಶಕದಲ್ಲೇ ಕಾರಿನ ಏರ್‌ಬ್ಯಾಗ್ ಯಾವಾಗ ಉಬ್ಬಬೇಕು ಅಂತ ಹೇಳುವ ಕೆಲಸದಲ್ಲಿತ್ತು. ಅಲ್ಲಿ ಅದು ಜೀವ ಉಳಿಸುತ್ತಿತ್ತು. ಸಿಂಪ್ಯೂಟರಿನಲ್ಲಿ ಪುಟ ತಿರುವುತ್ತಿತ್ತು. ಪುಟ ತಿರುವಲು ಬೆರಳೇ ಸಾಕಿತ್ತಲ್ಲ! ಅದು ಮೊದಲೇ ಬಂದದ್ದು ತೊಂದರೆಯಲ್ಲ. ಅಲ್ಲಿ ಅದಕ್ಕೆ ಕೆಲಸವೇ ಇರಲಿಲ್ಲ.

ಓದು ಬಾರದವರಿಗೆ ಸಿಂಪ್ಯೂಟರ್ ಮಾಡಿಕೊಡಬೇಕಿದ್ದ ಕೆಲಸವನ್ನು ಬೇರೆಯದೇ ವಸ್ತು ಕಸಿದುಕೊಂಡಿತು: ಮೊಬೈಲ್ ಫೋನು. 2003ರಲ್ಲಿ ಒಳಬರುವ ಕರೆ ಪುಕ್ಕಟೆಯಾಯಿತು. ಅದೇ ವರ್ಷ ರಿಲಯನ್ಸ್ 501 ರೂಪಾಯಿ ಕಟ್ಟಿದರೆ ಫೋನ್ ಕೊಟ್ಟಿತು. ಟಾರ್ಚ್ ಇದ್ದ ನೋಕಿಯಾ 1100 ಬಂದದ್ದೂ ಆಗಲೇ. ಟೊಮ್ಯಾಟೊ ರೇಟು ಬೇಕಾದವನು ಕೋಲಾರದ ಮಂಡಿಗೆ ಫೋನ್ ಹಚ್ಚಿ ಕೇಳಿದರೆ ಆಯಿತು. ಯಂತ್ರ ಯಾಕೆ ಮಾತಾಡಬೇಕು, ಆ ಕಡೆ ಮನುಷ್ಯನೇ ಇರುವಾಗ? ಫೋನು ಅವನ ಜೇಬಿನಲ್ಲೇ ಇರುತ್ತದೆ. ಊರಿಗೊಂದೇ ಸಿಂಪ್ಯೂಟರ್ ಆದರೆ ಯಾರ ಮನೆಯಲ್ಲಿ ಇಡುವುದು? ಚಾರ್ಜ್ ಮಾಡುವವರು ಯಾರು? ಕೆಟ್ಟರೆ ದುಡ್ಡು ಯಾರದು?

ಯಂತ್ರ ಒಬ್ಬರ ಕೈಯಲ್ಲಿ, ಗುರುತು ಎಲ್ಲರದು ಅನ್ನುವ ಲೆಕ್ಕ ಮಾತ್ರ ಸಾಯಲಿಲ್ಲ. ನಮ್ಮ ಬೀದಿಯ ರೇಷನ್ ಅಂಗಡಿಗೆ ಹೋಗಿ ನೋಡಿ. ಯಂತ್ರ ಅಂಗಡಿಯವನದು, ಚಾರ್ಜ್ ಮಾಡುವುದು ಅವನ ಪಾಡು. ಕ್ಯೂನಲ್ಲಿ ನಿಂತವರು ಕಾರ್ಡನ್ನೂ ತೂರಿಸುವುದಿಲ್ಲ, ಹೆಬ್ಬೆಟ್ಟು ಒತ್ತುತ್ತಾರೆ. ಅದು ಒಂದೇ ಸಲಕ್ಕೆ ಓದಿದರೆ ಅವತ್ತು ಅದೃಷ್ಟ ಅನ್ನುತ್ತಾರೆ. ಬೆರಳಿನ ಬೆವರು ಒರೆಸಿಕೊಳ್ಳಿ ಅಂದರೆ ಯಾರೂ ಕೇಳುವುದಿಲ್ಲ.